ಸಾರಥಿಯ ಪಾತ್ರ ಯಾರಿಗೆ ಸಲ್ಲಬೇಕು?

ನಮ್ಮ ಕನ್ನಡ ಶಾಲೆಗಳಲ್ಲಿ ರಾಜ್ಯೋತ್ಸವವೋ ವಾರ್ಷಿಕೋತ್ಸವವೋ ಸಮೀಪಿಸಿತೆಂದರೆ ಪಾತ್ರ ಹಂಚುವ ಕಾರ್ಯ ಮೊದಲಾಗುತ್ತದೆ. ಎತ್ತರದ ಮೈಕಟ್ಟು, ಗಟ್ಟಿ ಕಂಠ ಇದ್ದವನಿಗೆ ಅರಸನ ಕಿರೀಟ. ಮೊದಲ ಸಾಲಿನಲ್ಲಿ ಕುಳಿತು ಪದ್ಯಗಳನ್ನು ತಪ್ಪದೆ ಒಪ್ಪಿಸುವವನಿಗೆ ಮಂತ್ರಿಯ ಮುಂಡಾಸು. ಊರಿನ ಪ್ರಮುಖರ ಮಗನಿಗೆ ಧರ್ಮರಾಯನ ವೇಷ. ಎಲ್ಲರಿಗೂ ಹಂಚಿ ಮುಗಿದ ಮೇಲೆ ಒಂದು ಪಾತ್ರ ಉಳಿದಿರುತ್ತದೆ. ಅದು ಸಾರಥಿಯದು. ಆಗ ಹಿಂದಿನ ಸಾಲಿನ ಯಾವನೋ ಒಬ್ಬನ ಕಡೆಗೆ ಬೆರಳು ತೋರಿಸಿ, "ನೀನು ಹ್ಯಾಂಗೂ ಮಂಗ್ಯಾನಂಗ ಕುಣೀತಿ, ಇದು ನಿನಗಿರಲಿ" ಎಂದು ಆ ಪಾತ್ರವನ್ನು ಅವನ ಮೇಲೆ ಎಸೆದುಬಿಡುತ್ತಾರೆ. ತರಗತಿ ನಗುತ್ತದೆ, ಆ ಹುಡುಗನೂ ನಗುತ್ತಾನೆ. ಅವನ ನಗೆಯ ಒಳಗೆ ಏನಿದೆಯೆಂದು ಯಾರೂ ಕೇಳುವುದಿಲ್ಲ.

ಇನ್ನು ಕೆಲವೆಡೆ ಇಷ್ಟೂ ಇಲ್ಲ. ಅಲ್ಲಿಯ ಹಿರಿಯರು ಆ ಪಾತ್ರವನ್ನೇ ಆಟದಿಂದ ಕಿತ್ತುಹಾಕುತ್ತಾರೆ. ಕಾರಣ ಕೇಳಿದರೆ ಮೂರು ಉತ್ತರಗಳು ದೊರೆಯುತ್ತವೆ. ಒಂದನೆಯದು, ತಂತ್ರಗಾರನ ಪಾತ್ರವು ಮಕ್ಕಳಿಗೆ ಮೋಸವನ್ನು ಕಲಿಸುತ್ತದೆ. ಎರಡನೆಯದು, ಅದು ದಡ್ಡರಿಗೂ ಪೋಕರಿಗಳಿಗೂ ಸರಿಯೇ ಹೊರತು ಜಾಣ ಮಕ್ಕಳಿಗಲ್ಲ. ಮೂರನೆಯದು, ಆ ಪಾತ್ರ ಆಡುವ ಮಾತು ಶುದ್ಧ ಕನ್ನಡವಲ್ಲ. ಈ ಮೂರೂ ಉತ್ತರಗಳು ತಪ್ಪೆಂಬುದೇ ಈ ಲೇಖನದ ವಾದ. ತಪ್ಪು ಮಾತ್ರವಲ್ಲ, ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯ ಕನ್ನಡ ಮಕ್ಕಳ ಮಟ್ಟಿಗೆ ಅವು ಹಾನಿಕರವೂ ಹೌದು. ಸಾರಥಿಯ ಪಾತ್ರ ಉಳಿಕೆಯ ಪಾತ್ರವಲ್ಲ. ಆಟದ ಮೊದಲ ಮರ್ಯಾದೆಯ ಪಾತ್ರ ಅದು. ಹಾಗೆಂದು ತಿಳಿದು ಅದನ್ನು ಕೊಡತಕ್ಕದ್ದು.

ಮೊದಲು ಈ ಸಾರಥಿ ಯಾರೆಂಬುದನ್ನು ನೋಡೋಣ. ನಮ್ಮ ನೆರೆಯ ರಾಯಚೂರು, ಕಲಬುರಗಿ, ಬಳ್ಳಾರಿ ಸೀಮೆಗಳ ದೊಡ್ಡಾಟವನ್ನು ಕಂಡವರಿಗೆ ಅವನ ಪರಿಚಯ ಇದ್ದೇ ಇದೆ. ಭುಜಕೀರ್ತಿ, ಕಿರೀಟಗಳ ಭಾರ ಹೊತ್ತ ವೀರನು ಅಬ್ಬರಿಸುತ್ತ ರಂಗಕ್ಕೆ ಬರುತ್ತಾನೆ. ಹಿಮ್ಮೇಳ ನಿಲ್ಲುತ್ತದೆ. ಆಗ ಸಾರಥಿಯು ಮುಂದೆ ಬಂದು, ತಾವು ಯಾರು, ತಮ್ಮ ಊರು ಯಾವುದು, ಇಲ್ಲಿಗೆ ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ಮೂರು ಲೋಕಗಳನ್ನು ನಡುಗಿಸುವ ರಾವಣನಾದರೂ ಸರಿಯೆ, ಇವನಿಗೆ ಉತ್ತರ ಕೊಡದೆ ಒಂದು ಹೆಜ್ಜೆ ಮುಂದಿಡುವಂತಿಲ್ಲ. ಅರಸನು ತನ್ನ ಬಿರುದುಗಳನ್ನು ಹೇಳಿಕೊಂಡರೆ ಸಾರಥಿಯು ನಡುನಡುವೆ ಕೊಂಕು ತೆಗೆಯುತ್ತಾನೆ. ಅರ್ಥವಾಗದ ಮಾತನ್ನು ಜನರಿಗೆ ತಿಳಿಯುವಂತೆ ಬಿಡಿಸುತ್ತಾನೆ. ಆಟ ಸಡಿಲಗೊಂಡಲ್ಲಿ ಅದನ್ನು ಎತ್ತಿ ನಿಲ್ಲಿಸುತ್ತಾನೆ. ಮೂಡಲಪಾಯದಲ್ಲಿ ಇದೇ ಕೆಲಸವನ್ನು ಹನುಮನಾಯಕನು ಮಾಡುತ್ತಾನೆ. ಕರಾವಳಿಯ ಯಕ್ಷಗಾನದಲ್ಲಿ ಹಾಸ್ಯಗಾರನಿದ್ದಾನೆ. ತೊಗಲುಗೊಂಬೆಯಾಟದಲ್ಲಿ ಕಿಳ್ಳೇಕ್ಯಾತನೂ ಬಂಗಾರಕ್ಕನೂ ಇದ್ದಾರೆ. ತೆಲುಗಿನ ತೋಲುಬೊಮ್ಮಲಾಟದಲ್ಲಿ ಜುಟ್ಟುಪೋಲಿಗಾಡು, ಕೇತಿಗಾಡು ಎಂಬವರೊಂದಿಗೆ ಅದೇ ಬಂಗಾರಕ್ಕ ಕಾಣಿಸಿಕೊಳ್ಳುತ್ತಾಳೆ. ಎರಡು ಭಾಷೆಗಳ ಜನರು ಒಬ್ಬ ಅರಸನನ್ನು ಹಂಚಿಕೊಳ್ಳಲು ಒಪ್ಪದಿರಬಹುದು. ಬಂಗಾರಕ್ಕನನ್ನು ಮಾತ್ರ ಜಗಳವಿಲ್ಲದೆ ಹಂಚಿಕೊಂಡಿದ್ದಾರೆ.

ಈ ಎಲ್ಲ ಪಾತ್ರಗಳ ಮುಖ್ಯ ಲಕ್ಷಣ ಒಂದೇ. ಇವರ ಕೈಯಲ್ಲಿ ಖಡ್ಗವಿಲ್ಲ. ಇವರು ಗೆಲ್ಲುವುದು ಮಾತಿನಿಂದ, ಸಮಯಸ್ಫೂರ್ತಿಯಿಂದ, ಎದುರಾಳಿಯ ದುರಹಂಕಾರವನ್ನು ಅವನಿಗೇ ತಿರುಗಿಸುವ ಚಾತುರ್ಯದಿಂದ. ಹಾಗಾದರೆ ಇದು ಮೋಸವೆ?

ಮೊದಲ ಆಕ್ಷೇಪಣೆಯನ್ನು ಎತ್ತಿಕೊಳ್ಳುತ್ತೇನೆ. ಇದನ್ನು ಹೇಳುವವರು ಸಾಮಾನ್ಯವಾಗಿ ಸಜ್ಜನರು. ಮಕ್ಕಳ ಹಿತವನ್ನೇ ಬಯಸುವವರು. ಆದುದರಿಂದ ಇವರಿಗೆ ಗೌರವದಿಂದಲೇ ಉತ್ತರ ಹೇಳಬೇಕು. ಮಹನೀಯರೆ, ತಂತ್ರವನ್ನು ಶಾಲೆಯಿಂದ ಹೊರಗೆ ಹಾಕುವುದಾದರೆ ಮೊದಲು ಭಾರತವನ್ನೇ ಹೊರಗೆ ಹಾಕಬೇಕಾಗುತ್ತದೆ. ಕೃಷ್ಣನು ಪಾರ್ಥನ ಸಾರಥಿ. ಬಾಹುಕನಾಗಿ ಋತುಪರ್ಣನ ರಥ ನಡೆಸಿದವನು ನಳಮಹಾರಾಜ. ಯಕ್ಷಗಾನದಲ್ಲಿ ಆ ಬಾಹುಕನ ಪಾತ್ರವು ಹಾಸ್ಯಗಾರನಿಗೇ ಮೀಸಲು. ಬೃಹನ್ನಳೆಯಾಗಿ ಉತ್ತರಕುಮಾರನ ಕುದುರೆಗಳ ಲಗಾಮು ಹಿಡಿದವನು ಅರ್ಜುನ. ಬಯಲಾಟದ ಸಾರಥಿಗೆ ಆ ಹೆಸರು ಹೇಗೆ ಬಂದರೂ ಬಂದಿರಲಿ, ಈ ಮೂವರೂ ತಮ್ಮ ದೊಡ್ಡತನವನ್ನು ಮುಚ್ಚಿಟ್ಟು ಚಿಕ್ಕವರ ಪೀಠದಲ್ಲಿ ಕುಳಿತವರೆಂಬುದನ್ನು ಮರೆಯಬಾರದು.

ಆದರೆ ಅದೇ ಭಾರತದಲ್ಲಿ ಶಕುನಿಯೂ ಇದ್ದಾನೆ. ಅವನೂ ತಂತ್ರಗಾರನೆ. ಅವನ ದಾಳವೂ ಚಾತುರ್ಯವೆ. ಹೀಗಿರಲು ಕೃಷ್ಣನಿಗೂ ಶಕುನಿಗೂ ಭೇದವೇನು? ಮಕ್ಕಳು ಈ ಪ್ರಶ್ನೆಯನ್ನು ಕೇಳಬೇಕೆಂಬುದೇ ನನ್ನ ಆಸೆ. ಶಕುನಿಯ ತಂತ್ರವು ಅಧಿಕಾರವುಳ್ಳವನ ಪಕ್ಷದಲ್ಲಿ ನಿಂತು, ಎದುರಿಗಿದ್ದವನ ಮನೆಮಠಗಳನ್ನು ಕಸಿದುಕೊಳ್ಳುವುದಕ್ಕಾಗಿ ನಡೆದದ್ದು. ಸಂಧಾನಕ್ಕೆ ಬಂದ ಕೃಷ್ಣನು ಮಾಡಿದ್ದು ಬೇರೆ. ಕುಮಾರವ್ಯಾಸನ ಭಾರತದಲ್ಲಿ, ಸಭೆಗೆ ಬಂದ ಕೃಷ್ಣನನ್ನು ಕಂಡು ಸುಯೋಧನನು ಸಿಂಹಾಸನದಿಂದ ಏಳದೆ ಬಿಗಿದು ಕುಳಿತಾಗ, ಕೃಷ್ಣನು ಕಾಲಿನ ಹೆಬ್ಬೆರಳಿನಿಂದ ನೆಲವನ್ನು ಒತ್ತುತ್ತಾನೆ; ಏಳಲಾರೆನೆಂದವನು ಉರುಳಿ ಅವನ ಕಾಲ ಬಳಿಯಲ್ಲೇ ಬೀಳುತ್ತಾನೆ. ಇಲ್ಲಿ ಯಾರ ಆಸ್ತಿಯೂ ಹೋಗಲಿಲ್ಲ, ಯಾರ ರಕ್ತವೂ ಬೀಳಲಿಲ್ಲ. ಬಿದ್ದದ್ದು ಗರ್ವವೊಂದೇ. ಈ ಸಂದರ್ಭವನ್ನು ಹತ್ತು ವರ್ಷದ ಬಾಲಕನು ರಂಗದ ಮೇಲೆ ಆಡಿ ತೋರಿಸಿದರೆ ಅವನು ಮೋಸವನ್ನು ಕಲಿಯುತ್ತಾನೆಯೆ, ಅಥವಾ ದೊಡ್ಡವರ ಸೊಕ್ಕಿಗೆ ಒಂದು ಹೆಬ್ಬೆರಳಿನ ಮದ್ದು ಉಂಟೆಂಬುದನ್ನು ಕಲಿಯುತ್ತಾನೆಯೆ?

ಅಷ್ಟೇ ಅಲ್ಲ. ನಮ್ಮ ಕಥೆಗಳು ತಂತ್ರದ ಬೆಲೆಯನ್ನೂ ಮುಚ್ಚಿಡುವುದಿಲ್ಲ. ದ್ರೋಣನನ್ನು ಕೆಡಹಲು ಧರ್ಮರಾಯನು ಅಶ್ವತ್ಥಾಮನು ಸತ್ತನೆಂದು ಗಟ್ಟಿಯಾಗಿಯೂ ಆನೆಯೆಂಬುದನ್ನು ಮೆಲ್ಲಗೂ ಹೇಳಿದನಷ್ಟೆ? ಅಂದಿನವರೆಗೆ ನೆಲಕ್ಕೆ ತಾಗದೆ ನಾಲ್ಕು ಅಂಗುಲ ಮೇಲೆ ಹರಿಯುತ್ತಿದ್ದ ಅವನ ರಥವು ಆ ಕ್ಷಣವೇ ನೆಲಕ್ಕೆ ಇಳಿಯಿತು. ಯುದ್ಧ ಗೆದ್ದಿತು, ರಥ ಮತ್ತೆ ಮೇಲೇಳಲಿಲ್ಲ. ಸುಳ್ಳು ಹೇಳಬಾರದೆಂದು ಹಲಗೆಯ ಮೇಲೆ ನೂರು ಸಲ ಬರೆಯಿಸಿದರೂ ಮಗುವಿನ ಮನಸ್ಸಿನಲ್ಲಿ ನಿಲ್ಲದ ಮಾತು ಈ ಒಂದು ರಥದಿಂದ ನಿಲ್ಲುತ್ತದೆ.

ಪಂಚತಂತ್ರದಲ್ಲಿಯೂ ಇದೇ ವಿವೇಕವಿದೆ. 11ನೆಯ ಶತಮಾನದಲ್ಲಿ ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ದುರ್ಗಸಿಂಹನು ಅದನ್ನು ಕನ್ನಡಕ್ಕೆ ತಂದನು. ದಿನಕ್ಕೊಂದು ಪ್ರಾಣಿಯನ್ನು ತಿನ್ನುವ ಸಿಂಹವನ್ನು ಬಾವಿಯ ನೆರಳು ತೋರಿಸಿ ಕೊಂದ ಮೊಲವೂ ಪಂಚತಂತ್ರದ್ದೆ. ಸಿಂಹಕ್ಕೂ ಎತ್ತಿಗೂ ಇದ್ದ ಸ್ನೇಹವನ್ನು ಸ್ವಾರ್ಥಕ್ಕಾಗಿ ಮುರಿದ ದಮನಕನೆಂಬ ನರಿಯೂ ಪಂಚತಂತ್ರದ್ದೆ. ಇಬ್ಬರೂ ಮಾತಿನಿಂದಲೇ ಗೆದ್ದರು. ಮೊಲವು ಕಾಡಿನ ಸಕಲರನ್ನು ಉಳಿಸಿತು. ನರಿಯು ತನ್ನ ಸ್ಥಾನವನ್ನು ಉಳಿಸಿಕೊಂಡಿತು. ಈ ಎರಡನ್ನು ಬೇರೆ ಮಾಡಿ ನೋಡುವ ಕಣ್ಣೇ ನೀತಿಪಾಠ. ಮೊಲವನ್ನೂ ನರಿಯನ್ನೂ ಒಟ್ಟಿಗೆ ಶಾಲೆಯಿಂದ ಓಡಿಸಿದವನು ಆ ಕಣ್ಣನ್ನು ಕಟ್ಟಿದಂತೆಯೇ ಸರಿ.

ಈ ಹೆದರಿಕೆ ನಮ್ಮಲ್ಲಿ ಮಾತ್ರ ಇರುವುದಲ್ಲ. ಅಮೆರಿಕದಲ್ಲಿ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬ ಇಬ್ಬರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ಹೊರತಂದರು. ನಾಲ್ಕಾರು ಮಂದಿ ಮೇಜಿನ ಸುತ್ತ ಕುಳಿತುಕೊಳ್ಳುತ್ತಾರೆ. ಒಬ್ಬನು ನಮ್ಮ ಭಾಗವತನಂತೆ ಕಥೆಯನ್ನು ನಡೆಸುತ್ತಾನೆ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ವೀರನಾಗಿಯೋ ಮಾಂತ್ರಿಕನಾಗಿಯೋ, ಆ ಕ್ಷಣಕ್ಕೆ ತೋಚಿದ ಮಾತನ್ನಾಡುತ್ತಾರೆ; ಕೆಲಸ ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ಉರುಳಿಸಿ ನೋಡುತ್ತಾರೆ. 1975ರಲ್ಲಿ ಬಂದ ಪೂರಕ ಪುಸ್ತಕದಲ್ಲಿ ಕಳ್ಳನ ಪಾತ್ರವೂ ಸೇರಿತು. ಬಲದಿಂದ ಆಗದ ಕಡೆಗೆ ಬುದ್ಧಿಯಿಂದ ನುಸುಳುವವನು ಅವನು. ಮಕ್ಕಳಿಗೆ ಬಹಳ ಮೆಚ್ಚಿಗೆಯಾಯಿತು. 1980ರ ದಶಕದಲ್ಲಿ ಅಲ್ಲಿಯ ಕೆಲವು ಪಾಲಕರು, ಧರ್ಮಬೋಧಕರು ಈ ಆಟದಿಂದ ಮಕ್ಕಳು ಸೈತಾನನ ಪಾಲಾಗುತ್ತಾರೆಂದು ದೊಡ್ಡ ಗದ್ದಲವೆಬ್ಬಿಸಿದರು. ಗದ್ದಲ ಅಡಗಿತು, ಆರೋಪಕ್ಕೆ ಆಧಾರ ದೊರೆಯಲಿಲ್ಲ, ಆಟ ಇಂದಿಗೂ ನಡೆದಿದೆ. ಪಾತ್ರವನ್ನು ಆಡುವುದು ಬೇರೆ, ಪಾತ್ರವೇ ಆಗಿಬಿಡುವುದು ಬೇರೆ ಎಂಬುದನ್ನು ದೊಡ್ಡವರಿಗಿಂತ ಮೊದಲು ಮಕ್ಕಳು ಬಲ್ಲರು. ಚೀಟಿ ಎತ್ತಿ ರಾಜ, ಮಂತ್ರಿ, ಕಳ್ಳ, ಪೊಲೀಸ್ ಆಡುವ ನಮ್ಮ ಮಕ್ಕಳಲ್ಲಿ ಕಳ್ಳನ ಚೀಟಿ ಬಂದವನು ಸಂಜೆಗೆ ಕಳ್ಳತನಕ್ಕೆ ಹೊರಟದ್ದನ್ನು ಯಾರಾದರೂ ಕಂಡಿದ್ದೀರಾ?

ಎರಡನೆಯ ಆಕ್ಷೇಪಣೆಗೆ ಬರೋಣ. ಸಾರಥಿಯ ಪಾತ್ರ ದಡ್ಡರಿಗೆ ಎಂಬ ಮಾತು. ಇದನ್ನು ಹೇಳುವವರು ಆ ಪಾತ್ರವನ್ನು ಎಂದೂ ಕಟ್ಟಿದವರಲ್ಲ. ಅರಸನ ಪಾತ್ರಧಾರಿಗೆ ಮಾತುಗಳು ಬರೆದು ಕೊಟ್ಟಿರುತ್ತವೆ, ಬಾಯಿಪಾಠ ಮಾಡಿದರಾಯಿತು. ಮರೆತರೆ ಪರದೆಯ ಹಿಂದಿನಿಂದ ಉಪಾಧ್ಯಾಯರು ಪಿಸುಗುಟ್ಟುತ್ತಾರೆ. ಸಾರಥಿಗೆ ಈ ಆಸರೆ ಇಲ್ಲ. ಅರಸನು ಏನು ಹೇಳಿದನೆಂಬುದನ್ನು ಕಿವಿಗೊಟ್ಟು ಕೇಳಬೇಕು. ಅದರಲ್ಲಿಯ ಬಿರುಕನ್ನು ಹಿಡಿಯಬೇಕು. ಜನರ ಮನಸ್ಸಿನಲ್ಲಿ ಮೂಡಿದ ಪ್ರಶ್ನೆಯನ್ನು ಅವರಿಗಿಂತ ಒಂದು ಕ್ಷಣ ಮೊದಲು ಬಾಯಿಗೆ ತರಬೇಕು. ಎದುರಿಗಿದ್ದವನು ಮಾತು ಮರೆತು ನಿಂತರೆ ಅವನಿಗೆ ಅವಮಾನವಾಗದಂತೆ ಮಾತನ್ನು ಎತ್ತಿಕೊಡಬೇಕು. ಇಡೀ ಕಥೆ ತಲೆಯಲ್ಲಿರಬೇಕು. ಇದು ದಡ್ಡನ ಕೆಲಸವಾದರೆ ಜಾಣನ ಕೆಲಸ ಯಾವುದು?

ಕಾಸರಗೋಡು ಸೀಮೆಯ ಕನ್ನಡಿಗರನ್ನು ನೋಡಿರಿ. ನಮ್ಮಂತೆಯೇ ಅವರೂ 1956ರಲ್ಲಿ ಗಡಿಯ ಆಚೆ ಉಳಿದವರು. ಅವರ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ರಂಗಸಜ್ಜಿಕೆಯಿಲ್ಲ. ಭಾಗವತನು ಪದ್ಯ ಹಾಡುತ್ತಾನೆ. ಅರ್ಥಧಾರಿಗಳು ಎದುರುಬದುರು ಕುಳಿತು ಪಾತ್ರವಾಗಿ ಮಾತನಾಡುತ್ತಾರೆ. ಯಾವ ಮಾತೂ ಮೊದಲೇ ಬರೆದದ್ದಲ್ಲ. ಕೃಷ್ಣಸಂಧಾನದ ಪ್ರಸಂಗದಲ್ಲಿ ಕೃಷ್ಣನಾದವನಿಗೆ ಕೌರವನಾದವನು ಯಾವ ಸವಾಲು ಎಸೆಯುವನೋ ತಿಳಿಯದು. ಎಸೆದೊಡನೆ ಉತ್ತರ ಸಿದ್ಧವಾಗಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥ (1918–2006) ಅರ್ಥಧಾರಿಗಳನ್ನು ನಾಡು ಪಂಡಿತರೆಂದೇ ಗೌರವಿಸಿತು. ಎದುರಿಗಿದ್ದವನ ಮಾತಿಗೆ ಆ ಕ್ಷಣದಲ್ಲಿ ಮಾತು ಜೋಡಿಸುವ ವಿದ್ಯೆಗೆ ಅಲ್ಲಿ ದೊರೆತ ಸ್ಥಾನ ಅದು. ಅದೇ ವಿದ್ಯೆಯನ್ನು ನಾವು ಹಿಂದಿನ ಸಾಲಿಗೆ ಎಸೆಯುತ್ತಿದ್ದೇವೆ.

ಇನ್ನೊಂದು ನಿದರ್ಶನ. 1972ರಲ್ಲಿ ತೀರಿಕೊಂಡ ನಾಟಕರತ್ನ ಗುಬ್ಬಿ ವೀರಣ್ಣನವರು ತಮ್ಮ ನಾಟಕ ಕಂಪನಿಗೆ ತಾವೇ ಯಜಮಾನರು. ಯಾವ ಕಿರೀಟ ಬೇಕೆಂದರೂ ಅವರ ಪೆಟ್ಟಿಗೆಯಲ್ಲಿತ್ತು. ಆದರೂ ನಾಡು ಅವರನ್ನು ನೆನೆಯುವುದು ಹಾಸ್ಯನಟರೆಂದು. 'ಸದಾರಮೆ' ನಾಟಕದ ಕಳ್ಳನ ಪಾತ್ರದಿಂದ. ಯಜಮಾನನೇ ಆರಿಸಿಕೊಂಡ ಪಾತ್ರವನ್ನು ನಾವು ಉಳಿಕೆಯೆಂದು ತಿಳಿದಿದ್ದೇವೆ.

ಮೂರನೆಯ ಆಕ್ಷೇಪಣೆ, ಭಾಷೆಯದು. ವಾಚಕರು ಇಲ್ಲಿ ಸ್ವಲ್ಪ ನಿಧಾನಿಸಬೇಕು. ನಮ್ಮ ಸೀಮೆಗೆ ಸಂಬಂಧಿಸಿದ ನಿಜವಾದ ಪ್ರಶ್ನೆ ಇದೇ.

ಸಾರಥಿಯು ಗ್ರಾಂಥಿಕ ಭಾಷೆಯಲ್ಲಿ ಮಾತನಾಡುವುದಿಲ್ಲವೆಂಬುದು ನಿಜ. ಅರಸನು "ಎಲೈ ಚಾರನೇ, ನಾನಾರೆಂಬುದನ್ನು ನೀನರಿಯೆಯಾ" ಎಂದರೆ, ಇವನು "ಇಲ್ರೀ ಧಣೀ, ನಮ್ಮ ಓಣ್ಯಾಗ ನಿಮ್ಮನ್ನ ಯಾರೂ ನೋಡಿಲ್ರೀ" ಎನ್ನುತ್ತಾನೆ. ಇದು ಅಪಭ್ರಂಶವೆಂದು ಕೆಲವರಿಗೆ ಕಿರಿಕಿರಿ. ಆದರೆ ಸಂಸ್ಕೃತ ನಾಟಕಗಳ ಕಾಲದಿಂದ ಇದೇ ಕ್ರಮವಲ್ಲವೆ? ಅಲ್ಲಿ ಅರಸನು ಸಂಸ್ಕೃತದಲ್ಲಿ ಮಾತನಾಡುತ್ತಾನೆ. ಅವನ ಗೆಳೆಯನಾದ ವಿದೂಷಕನು, ಹುಟ್ಟಿನಿಂದ ಬ್ರಾಹ್ಮಣನಾಗಿದ್ದರೂ, ಜನರ ಪ್ರಾಕೃತದಲ್ಲಿ ಮಾತನಾಡುತ್ತಾನೆ. ಅಭಿಜ್ಞಾನಶಾಕುಂತಲವನ್ನು ನೆನೆಯಿರಿ. ಆಶ್ರಮದಲ್ಲಿ ಕಂಡ ಕನ್ಯೆಯ ವಿಷಯವನ್ನು ದುಷ್ಯಂತನು ಬಿಚ್ಚಿ ಹೇಳಿದ್ದು ವಿದೂಷಕನಿಗೆ. ಆದರೆ ಐದನೆಯ ಅಂಕದಲ್ಲಿ ಶಕುಂತಲೆಯು ಸಭೆಗೆ ಬಂದು ನಿಂತಾಗ ಆ ವಿದೂಷಕನು ಅಲ್ಲಿಲ್ಲ. ಅರಸನು ಅವನನ್ನು ಆಗತಾನೆ ಅಂತಃಪುರದ ಬೇರೊಂದು ಕೆಲಸಕ್ಕೆ ಕಳುಹಿಸಿದ್ದನು. ಜನರ ಭಾಷೆಯಲ್ಲಿ ಪ್ರಶ್ನೆ ಕೇಳುವವನೊಬ್ಬನಿಲ್ಲದ ಸಭೆಯಲ್ಲಿಯೇ ಆ ಅನ್ಯಾಯ ನಡೆಯಿತು. ಕಾಳಿದಾಸನು ಇದನ್ನು ತಿಳಿಯದೆ ಮಾಡಿದನೆಂದು ನಾನು ನಂಬಲಾರೆ.

ಈಗ ನಮ್ಮ ಮಕ್ಕಳ ಕಡೆಗೆ ನೋಡೋಣ. 1956ರ ನವೆಂಬರ್ 1ರಂದು ರಾಜ್ಯಗಳು ಪುನರ್ವಿಂಗಡಣೆಯಾದಾಗ ರಾಯಚೂರು ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಅದೇ ಜಿಲ್ಲೆಯ ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶದಲ್ಲಿ ಉಳಿದವು. ನಾರಾಯಣಪೇಟೆ, ಮಕ್ತಲ್‌ಗಳು ಮಹಬೂಬನಗರ ಜಿಲ್ಲೆಯೊಂದಿಗೆ ಅತ್ತಲೇ ಇದ್ದವು. 2014ರಲ್ಲಿ ತೆಲಂಗಾಣವಾಯಿತು, 2016ರಲ್ಲಿ ಗದ್ವಾಲ ಜಿಲ್ಲೆಯಾಯಿತು, 2019ರಲ್ಲಿ ನಾರಾಯಣಪೇಟೆ ಜಿಲ್ಲೆಯಾಯಿತು. ನಕ್ಷೆಗಳು ಬದಲಾದವು, ಮನೆಯ ಮಾತು ಬದಲಾಗಲಿಲ್ಲ. ನಮ್ಮ ಮಗುವು ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಬಸ್‌ಸ್ಟ್ಯಾಂಡಿನಲ್ಲಿ ಉರ್ದು ಆಡುತ್ತದೆ. 'ಜಲ್ದಿ', 'ಖರೆ', 'ದವಾಖಾನೆ' ಎಂಬ ಮಾತುಗಳು ಅದಕ್ಕೆ ಪರಕೀಯವಲ್ಲ; ಅಜ್ಜಿಯ ಬಾಯಿಂದ ಬಂದವು. ಅಂಥ ಮಗು ಶಾಲೆಗೆ ಬಂದು "ನಮ್ಮಪ್ಪ ಹೊಲಕ್ಕ ಹೋಗ್ಯಾನ್ರೀ" ಎಂದೊಡನೆ ನಾವು "ಹೋಗಿದ್ದಾನೆ ಎನ್ನು" ಎಂದು ತಿದ್ದುತ್ತೇವೆ. ತಿದ್ದುವುದು ನಮ್ಮ ಕರ್ತವ್ಯವೇ ಸರಿ. ಬರಹದ ಕನ್ನಡವನ್ನು ಕಲಿಸದಿದ್ದರೆ ನಾವು ಉಪಾಧ್ಯಾಯರೇಕೆ? ಆದರೆ ತಿದ್ದುವ ಭರದಲ್ಲಿ ಆ ಮಗುವಿನ ಅಪ್ಪ ಹೊಲಕ್ಕೆ ಹೋದ ಸಂಗತಿಯನ್ನೇ ನಾವು ಕೇಳಿಸಿಕೊಳ್ಳುವುದಿಲ್ಲ. ದಿನಕ್ಕೆ ಹತ್ತು ಸಲ ಹೀಗಾದರೆ ಮಗು ಒಂದು ನಿರ್ಧಾರಕ್ಕೆ ಬರುತ್ತದೆ: ಬಾಯಿ ಮುಚ್ಚಿಕೊಂಡಿರುವುದೇ ಕ್ಷೇಮ. ತೆಲುಗಿನವರ ನಡುವೆ ಅದರ ಮಾತು ಕನ್ನಡ. ಕನ್ನಡದವರ ನಡುವೆ ಅದರ ಮಾತು ಅಶುದ್ಧ. ಹಾಗಾದರೆ ಆ ಮಗು ಎಲ್ಲಿ ಮಾತನಾಡಬೇಕು?

ಸಾರಥಿಯಾಗಿ ಮಾತನಾಡಬೇಕು. ಅದೇ ಮಾತು, ಅದೇ ಧಾಟಿ, ಅದೇ "ಹೋಗ್ಯಾನ್ರೀ" ರಂಗದ ಮೇಲೆ ಬಂದಾಗ ಊರಿಗೆ ಊರೇ ಕಿವಿಗೊಟ್ಟು ಕೇಳುತ್ತದೆ. ಅರಸನ ಶುದ್ಧ ಭಾಷೆಯನ್ನು ಅದು ಗೆಲ್ಲುತ್ತದೆ. ನನ್ನ ತರಗತಿಯಲ್ಲಿ ಹಾಜರಿ ಹೇಳುವಾಗ ತುಟಿ ಬಿಚ್ಚಲು ಹೆದರುತ್ತಿದ್ದ ಮಕ್ಕಳು ಸಾರಥಿಯಾದೊಡನೆ ಸುಯೋಧನನನ್ನು ಅಡ್ಡಗಟ್ಟಿ ಪ್ರಶ್ನಿಸುವುದನ್ನು ನಾನು ಕಂಡಿದ್ದೇನೆ. ಇನ್ನೊಂದು ಚೋದ್ಯವೆಂದರೆ, ಅರಸನನ್ನು ಅಣಕಿಸಬೇಕಾದರೆ ಅರಸನ ಭಾಷೆ ಮೊದಲು ಬರಬೇಕು. "ಅರಿಯೆಯಾ" ಎಂಬುದರ ಅರ್ಥ ತಿಳಿಯದವನು ಅದಕ್ಕೆ ಕೊಂಕು ತೆಗೆಯಲಾರನು. ಹೀಗಾಗಿ ಸಾರಥಿಯಾದ ಮಗುವು ಎರಡು ಕನ್ನಡಗಳನ್ನೂ ಕಲಿಯುತ್ತದೆ: ಒಂದನ್ನು ಮರೆಯದೆ ಇನ್ನೊಂದನ್ನು ಕಲಿಯುತ್ತದೆ. ಗಡಿನಾಡಿನ ಶಾಲೆಗೆ ಇದಕ್ಕಿಂತ ಒಳ್ಳೆಯ ಭಾಷಾಪಾಠ ಯಾವುದಿದೆ?

1956ರಲ್ಲಿ ಸಂವಿಧಾನಕ್ಕೆ 350-ಎ ವಿಧಿಯನ್ನು ಸೇರಿಸಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆಂದು ವಿಧಿಸಲಾಯಿತು. ನಮ್ಮ ಶಾಲೆಗಳು ನಿಂತಿರುವುದು ಆ ಆಸರೆಯ ಮೇಲೆ. ಆದರೆ ಕಾನೂನು ಕಟ್ಟಡವನ್ನು ಕೊಡಬಹುದು, ಪಠ್ಯಪುಸ್ತಕವನ್ನು ಕೊಡಬಹುದು. ಬಾಯಿ ತೆರೆಯುವ ಧೈರ್ಯವನ್ನು ಕೊಡಲಾರದು. ಪಾಲಕರು ಇಂಗ್ಲಿಷ್ ಮಾಧ್ಯಮದ ಬಸ್ಸಿನ ಕಡೆಗೆ ನೋಡುತ್ತಿರುವ ಈ ಕಾಲದಲ್ಲಿ, "ಕನ್ನಡ ಶಾಲೆಯ ಮಗು ನಾಲ್ಕು ಜನರ ಮುಂದೆ ನಿಂತು ಮಾತನಾಡಬಲ್ಲುದು" ಎಂಬುದನ್ನು ನಾವು ಊರಿಗೆ ತೋರಿಸಬೇಕು. ಪ್ರತಿಜ್ಞೆ ಓದಿಸಿ ತೋರಿಸಲಾಗದು. ಸಿನಿಮಾ ಹಾಡಿಗೆ ಸಾಲಾಗಿ ಕುಣಿಸಿ ತೋರಿಸಲಾಗದು. ಆ ಹಾಡಿನಲ್ಲಿ ಮಗುವಿನ ಸ್ವಂತ ಮಾತು ಒಂದಾದರೂ ಇದೆಯೆ?

ಈಗ ನನ್ನದೇ ಪಕ್ಷದವರಿಗೂ ಎರಡು ಕಠಿಣ ಮಾತುಗಳನ್ನು ಹೇಳಬೇಕಾಗಿದೆ. ಸಾರಥಿಯ ಪಾತ್ರಕ್ಕೆ ಕೆಟ್ಟ ಹೆಸರು ಬಂದಿರುವುದು ಬರಿಯ ಮಡಿವಂತರಿಂದಲ್ಲ. ಅದನ್ನು ಕೆಡಿಸಿದವರಿಂದಲೂ ಹೌದು. ತೊದಲುವವನನ್ನು ಅಣಕಿಸುವುದು, ಕುಂಟುವವನಂತೆ ನಡೆಯುವುದು, ಕಪ್ಪು ಬಣ್ಣವನ್ನು ಹಳಿಯುವುದು, ಹೆಣ್ಣುವೇಷ ಹಾಕಿ ಅಸಭ್ಯವಾಗಿ ಹೊರಳುವುದು, ಒಂದು ಜಾತಿಯವರ ಮಾತಿನ ಧಾಟಿಯನ್ನು ತೋರಿಸಿ ನಗಿಸುವುದು, ಕುಡುಕನಾಗಿ ಉರುಳುವುದು: ಇವನ್ನು ಹಾಸ್ಯವೆಂದು ಕರೆದು ಮಕ್ಕಳಿಂದ ಮಾಡಿಸುತ್ತಿರುವವರು ಇದ್ದಾರೆ. ಇದು ಸಾರಥಿಯ ಕೆಲಸವಲ್ಲ. ಸಾರಥಿಯ ಬಾಣ ಯಾವಾಗಲೂ ಮೇಲಕ್ಕೆ ಹಾರುತ್ತದೆ, ಕಿರೀಟಕ್ಕೆ ತಾಗುತ್ತದೆ. ಕೆಳಗಿರುವವನ ಬೆನ್ನಿಗೆ ಬೀಳುವ ಬಾಣ ಶಕುನಿಯದು. ಯಾರ ಮಾತಿಗೆ ತರಗತಿಯ ದುರ್ಬಲ ಮಗುವೊಂದು ತಲೆ ತಗ್ಗಿಸಿತೋ ಅವನು ಎಷ್ಟು ನಗಿಸಿದರೂ ಸೋತಂತೆ.

ಹಾಗೆಯೇ ಈ ಪಾತ್ರವನ್ನು ಹುಡುಗರಿಗೇ ಮೀಸಲಿಡುವುದೂ ಸಲ್ಲದು. ಬಂಗಾರಕ್ಕನನ್ನು ಹಂಚಿಕೊಂಡ ನಾಡಿನಲ್ಲಿ ಹುಡುಗಿಯರಿಗೆ ಸ್ವಾಗತಗೀತೆ, ಆರತಿತಟ್ಟೆಗಳನ್ನು ಬಿಟ್ಟರೆ ಬೇರೆ ಪಾತ್ರವಿಲ್ಲವೆ? ನಮ್ಮ ಊರಿನ ಹುಡುಗಿಯೊಬ್ಬಳು ರಂಗದ ಮೇಲೆ ನಿಂತು ಕೀಚಕನಿಗೆ "ನೀವು ಯಾರು, ಇಲ್ಲಿಗೆ ಬಂದ ಕಾರಣವೇನು" ಎಂದು ಗಟ್ಟಿಯಾಗಿ ಕೇಳಲಿ. ಅವಳ ಮುಂದಿನ ಬಾಳಿನಲ್ಲಿ ಆ ಪ್ರಶ್ನೆ ಅನೇಕ ಸಲ ಉಪಯೋಗಕ್ಕೆ ಬರುತ್ತದೆ.

"ಇದಕ್ಕೆಲ್ಲ ಸಮಯವೆಲ್ಲಿ, ಪಾಠ ಮುಗಿಸಬೇಕಲ್ಲ" ಎಂಬುದು ಕೊನೆಯ ನೆಪ. ಕಿರೀಟ, ಭುಜಕೀರ್ತಿ, ಪರದೆ, ಧ್ವನಿವರ್ಧಕ ಯಾವುದೂ ಬೇಡ. ವಾರಕ್ಕೆ ಒಂದು ಅವಧಿ ಸಾಕು. ಪಾಠದಲ್ಲಿಯೇ ಇರುವ ಕಥೆಯೊಂದನ್ನು ಆರಿಸಿಕೊಳ್ಳಿರಿ. ಅರಸನಿಗೂ ವೀರನಿಗೂ ನಾಲ್ಕು ಸಾಲು ಬರೆದು ಕೊಡಿರಿ. ಸಾರಥಿಗೆ ಒಂದು ಅಕ್ಷರವನ್ನೂ ಬರೆದು ಕೊಡಬೇಡಿರಿ. ಕಥೆಯನ್ನು ಮಾತ್ರ ಚೆನ್ನಾಗಿ ತಿಳಿಸಿರಿ. ತರಗತಿಯ ಪ್ರತಿ ಮಗುವೂ ಸರದಿಯಂತೆ ಸಾರಥಿಯಾಗಲಿ, ಒಂದೊಂದು ಪ್ರಶ್ನೆಯನ್ನಾದರೂ ಕೇಳಲಿ. ಆಟ ಮುಗಿದ ಮೇಲೆ ಹತ್ತು ನಿಮಿಷ ಕುಳಿತು ಮೂರು ವಿಚಾರಗಳನ್ನು ಚರ್ಚಿಸಿರಿ: ಈ ತಂತ್ರವನ್ನು ಯಾರು ಯಾರ ಮೇಲೆ ಹೂಡಿದರು? ಅದರಿಂದ ಯಾರಿಗೆ ಹಿತವಾಯಿತು? ಅದಕ್ಕೆ ತೆತ್ತ ಬೆಲೆಯೇನು? ನೀತಿಪಾಠ ಅಲ್ಲಿಗೆ ಮುಗಿಯಿತು, ಭಾಷಾಪಾಠವೂ ಮುಗಿಯಿತು. ಉತ್ಸವದ ದಿನ ಬಂದಾಗ, ಯಾರ ಪ್ರಶ್ನೆ ಎಲ್ಲಕ್ಕಿಂತ ಹರಿತವೂ ಯಾರನ್ನೂ ನೋಯಿಸದಂತಹುದೂ ಆಗಿತ್ತೋ ಅವರನ್ನು ಕರೆದು ಎಲ್ಲರ ಮುಂದೆ ಈ ಪಾತ್ರವನ್ನು ಕೊಡಿರಿ. ಅವರು ಹಿಂದಿನ ಸಾಲಿನವರೇ ಆಗಿದ್ದರೆ ಇನ್ನೂ ಒಳ್ಳೆಯದು. ಆದರೆ ಎಸೆಯಬೇಡಿರಿ, ಕೈಯಲ್ಲಿ ಕೊಡಿರಿ. ಪಾತ್ರ ಹಂಚುವ ದಿನ ಮೊದಲು ಸಾರಥಿಯ ಹೆಸರನ್ನು ಹೇಳಿರಿ, ಆಮೇಲೆ ಅರಸನದು.

ಒಂದು ಭಯ ಕೆಲವು ಉಪಾಧ್ಯಾಯ ಬಂಧುಗಳ ಮನಸ್ಸಿನಲ್ಲಿ ಹೇಳದೆ ಉಳಿದಿರಬಹುದು. ರಂಗದ ಮೇಲೆ ಅರಸನನ್ನು ಪ್ರಶ್ನಿಸಲು ಕಲಿತ ಮಗು ನಾಳೆ ತರಗತಿಯಲ್ಲಿ ನಮ್ಮನ್ನೇ ಪ್ರಶ್ನಿಸಿದರೆ? ಪ್ರಶ್ನಿಸಲಿ. ಅದಕ್ಕಾಗಿಯೇ ಅಲ್ಲವೆ ನಾವು ಸೀಮೆಸುಣ್ಣ ಹಿಡಿದದ್ದು? ಉತ್ತರ ತಿಳಿದಿದ್ದರೆ ಹೇಳೋಣ. ತಿಳಿಯದಿದ್ದರೆ ಮಗುವಿನೊಂದಿಗೆ ಹುಡುಕೋಣ. ಸಾರಥಿಗೆ ಉತ್ತರ ಕೊಟ್ಟ ಅರಸನು ದೊಡ್ಡಾಟದಲ್ಲಿ ಎಂದೂ ಚಿಕ್ಕವನಾಗಿಲ್ಲ. ಉತ್ತರ ಕೊಟ್ಟ ಮೇಲೆಯೇ ಅವನಿಗೆ ರಂಗದ ಮೇಲೆ ಸ್ಥಾನ.

ವಿದ್ಯಾರ್ಥಿಮಿತ್ರರೆ, ನಿಮಗೂ ಒಂದು ಮಾತು. ಮುಂದಿನ ಸಲ ಪಾತ್ರ ಹಂಚುವಾಗ ಕಿರೀಟದ ಕಡೆಗೆ ಕೈ ಎತ್ತಬೇಡಿರಿ. ಕಿರೀಟ ಹೊತ್ತವನು ಬರೆದು ಕೊಟ್ಟದ್ದನ್ನು ಹೇಳಬೇಕು. ನಿಮ್ಮ ಅಜ್ಜಿ ಕಲಿಸಿದ ಮಾತಿನಲ್ಲಿ, ನಿಮ್ಮ ಓಣಿಯ ಕನ್ನಡದಲ್ಲಿ, ನಿಮಗೇ ತೋಚಿದ ಪ್ರಶ್ನೆಯನ್ನು ಕೇಳುವ ಅಧಿಕಾರ ಆಟದಲ್ಲಿ ಒಬ್ಬನಿಗೆ ಮಾತ್ರ ಇದೆ. ಆ ಅಧಿಕಾರವನ್ನು ಕೇಳಿ ಪಡೆಯಿರಿ.